ರಾಮನಗರ ಬಿಟ್ಟೋಯ್ತು, ಮಾವ

ಬೆಂಗಳೂರು, ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಮೈಸೂರು. ಎಂಟು ಊರು, ಎಂಟು ಎಲ್‌ಇಡಿ. ಅಕ್ಕನ ಮಗಳು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆಂದು ಮಾಡುತ್ತಿದ್ದ ರೈಲುಹಲಗೆ ಅದು. ಬೆಂಗಳೂರಿನಲ್ಲಿ ಹತ್ತಿದ ದೀಪ ಎರಡು ಸೆಕೆಂಡಿಗೊಂದು ಊರಿನಂತೆ ಸಾಗಿ ಮೈಸೂರು ಮುಟ್ಟಬೇಕು. ಕನಕಪುರದವರಾದ ಭಾವ, “ನಮ್ಮೂರು ಎಲ್ಲಮ್ಮ?” ಎಂದು ರೇಗಿಸಿದರು. “ಮೊದ್ಲು ರೈಲು ಬರ್ಲಿ ಅಪ್ಪ, ಆಮೇಲೆ ದೀಪ” ಎಂದಳು. ಮಾಗಡಿಯ ನೆಂಟರಿಗೂ ಅದೇ ಉತ್ತರ. ನಾನು ಕೇಳಿದ್ದು ಶ್ರೀರಂಗಪಟ್ಟಣವನ್ನು. ಟಿಪ್ಪು ಕಾಲದಿಂದ ಬೊಂಬೆ ಮಾಡುತ್ತ ಬಂದಿದ್ದೇವೆ ಎನ್ನುವ ಊರಿನಲ್ಲಿ ಕೂತು ಟಿಪ್ಪುವಿನ ರಾಜಧಾನಿಯನ್ನೇ ಬಿಡುವುದೇ? “ಐಸಿಗೆ ಇರೋದೇ ಎಂಟು ಬಾಯಿ ಮಾವ” ಎಂದು ಅವಳು ಮಾತು ಮುಗಿಸಿದಳು.

ಹಲಗೆ ಸಿದ್ಧವಾಗುತ್ತಿದ್ದದ್ದು ಚನ್ನಪಟ್ಟಣದ ಕಲಾನಗರದಲ್ಲಿ, ಅವಳ ಗೆಳತಿಯ ತಂದೆಯ ಲೇತ್ ಶೆಡ್ಡಿನಲ್ಲಿ. ಎಂಟು ಊರಿಗೆ ಎಂಟು ಹಾಲೆ ಮರದ ಉಂಗುರ, ನಡುವೆ ಎಲ್‌ಇಡಿ. ನಾವು ಭಾಯ್ ಎನ್ನುವ ಅವರು ಉಂಗುರವನ್ನು ಲೇತಿಗೆ ಕಚ್ಚಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಿದ್ದರು. ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಮೇಲೆ ಒಣ ಗರಿ ಒತ್ತಿದರೆ ಹೊಳಪು. ಬಿಡದಿಗೆ ಹಳದಿ, ರಾಮನಗರಕ್ಕೆ ಕೆಂಪು, ಚನ್ನಪಟ್ಟಣಕ್ಕೆ ಹಸಿರು. ನೋಡಲು ಚೆಂದವಾಗಿತ್ತು. ಓಡಲು ಮಾತ್ರ ಒಲ್ಲೆ ಎನ್ನುತ್ತಿತ್ತು.

ನಡುವೆ ಇದ್ದ ಐಸಿ 74ಎಚ್‌ಸಿ595, ಶಿಫ್ಟ್ ರಿಜಿಸ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಿಂಡಿಯ ಕಾಸಿಗೆ ಸಿಗುತ್ತದೆ. ಅದನ್ನು ಆಡಿಸುವುದು ಆರ್ಡುಯಿನೊ, 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಪುಟ್ಟ ಬೋರ್ಡು. ಎಂಟು ದೀಪಕ್ಕೆ ಎಂಟು ವೈರು ಎಳೆಯುವ ಬದಲು ಮೂರೇ ವೈರಿನಲ್ಲಿ ಕೆಲಸ ಮುಗಿಸುವುದು ಈ ಐಸಿಯ ಉಪಾಯ. ಬಯಲಾಟದ ತೆರೆ ನೆನಪು ಮಾಡಿಕೊಳ್ಳಿ. ತೆರೆಯ ಹಿಂದೆ ಎಂಟು ಜನ ನಿಲ್ಲುವ ಜಾಗ. ಕ್ಲಾಕ್ ವೈರು ಒಮ್ಮೆ ಮಿಡಿದರೆ ಎಲ್ಲರೂ ಒಂದೊಂದು ಹೆಜ್ಜೆ ಮುಂದೆ ಸರಿಯುತ್ತಾರೆ, ಡೇಟಾ ವೈರು ಹೇಳಿದವರು ಹಿಂದಿನಿಂದ ಬಂದು ಸೇರುತ್ತಾರೆ. ಇಷ್ಟೂ ನಡೆಯುವುದು ತೆರೆಯ ಮರೆಯಲ್ಲಿ. ಮೂರನೆಯದಾದ ಲ್ಯಾಚ್ ವೈರು ಮಿಡಿದಾಗ ತೆರೆ ಏಳುತ್ತದೆ, ಆಗ ಸಭೆಗೆ ಹೊಸ ಸಾಲು ಕಾಣುತ್ತದೆ.

ಉಪಾಯ ಹಳೆಯದು. ಜರ್ಮನ್ನರ ಗುಪ್ತಲಿಪಿ ಒಡೆಯಲು ಇಂಗ್ಲೆಂಡಿನ ಟಾಮಿ ಫ್ಲವರ್ಸ್ ಕಟ್ಟಿದ ಕೊಲೊಸಸ್ ಯಂತ್ರದ 1944ರ ಎರಡನೇ ಮಾದರಿಯಲ್ಲೇ ವಾಲ್ವ್‌ಗಳಿಂದ ಮಾಡಿದ ಶಿಫ್ಟ್ ರಿಜಿಸ್ಟರ್ ಇತ್ತು. ಇಂದು ಮೈಸೂರು ರಸ್ತೆಯ ಅಂಗಡಿಗಳ ನೆತ್ತಿಯ ಮೇಲೆ ಕೆಂಪಕ್ಷರ ಓಡಿಸುವ ಪಿ10 ಬೋರ್ಡು ಬಿಚ್ಚಿದರೆ ಸಾಮಾನ್ಯವಾಗಿ ಇದೇ 595 ಸಾಲಾಗಿ ಹದಿನಾರು ಕೂತಿರುತ್ತವೆ.

ಮೊದಲ ದಿನದ ತೊಂದರೆ ಎಲ್ಲರಿಗೂ ಆಗುವಂಥದ್ದೇ. ಕೈ ಹತ್ತಿರ ತಂದರೆ ದೀಪಗಳು ಮಿಣಮಿಣ, ತೆಗೆದರೆ ಆರುತ್ತಿದ್ದವು. ಐಸಿಯ ಹತ್ತನೇ ಕಾಲನ್ನು 5 ವೋಲ್ಟಿಗೂ ಹದಿಮೂರನೇ ಕಾಲನ್ನು ಗ್ರೌಂಡಿಗೂ ಕಟ್ಟದೆ ಹಾಗೇ ಬಿಟ್ಟಿದ್ದಳು. ಎಲ್ಲಿಗೂ ಕಟ್ಟದ ಕಾಲು ಗಾಳಿ ಬಂದತ್ತ ವಾಲುತ್ತದೆ. ಕಟ್ಟಿದ ಮೇಲೆ ದೀಪ ಓಡಿತು.

ಎರಡನೇ ದಿನ ಫೋನು. “ರಾಮನಗರ ಬಿಟ್ಟೋಯ್ತು, ಮಾವ.”

ಬಿಡದಿಯಲ್ಲಿದ್ದ ದೀಪ ರಾಮನಗರದಲ್ಲಿ ನಿಲ್ಲದೆ ಚನ್ನಪಟ್ಟಣಕ್ಕೇ ಹೋಯಿತಂತೆ. ಮುಂದಿನ ಸುತ್ತು ಸರಿ, ಅದರಾಚೆಯದೂ ಸರಿ. ಆಮೇಲೆ ಮದ್ದೂರು ತಪ್ಪಿತು. ಒಮ್ಮೆ ಮಂಡ್ಯದಲ್ಲಿದ್ದ ದೀಪ ಮೈಸೂರಿನಲ್ಲೂ ಕಾಣಿಸಿಕೊಳ್ಳದೆ ಮಾಯ. ರಾಮನಗರದವನಾದ ನಾನು ಈ ಅವಮಾನ ಸಹಿಸದೆ ಮರುದಿನವೇ ಚನ್ನಪಟ್ಟಣದ ಬಸ್ಸು ಹತ್ತಿದೆ.

ಪ್ರೋಗ್ರಾಮ್ ಓದಿದೆ. ಸರಳವಾಗಿತ್ತು. ಬೆಂಗಳೂರಿನಲ್ಲಿ ಒಂದು ‘1’ ಒಳಗೆ ಬಿಡುವುದು, ಆಮೇಲೆ ಎರಡು ಸೆಕೆಂಡಿಗೊಮ್ಮೆ ಕ್ಲಾಕ್ ಮಿಡಿಸಿ ಲ್ಯಾಚ್ ಎತ್ತುವುದು. ತಪ್ಪು ಕಾಣಲಿಲ್ಲ. ಬ್ರೆಡ್‌ಬೋರ್ಡಿನ ವೈರು ಒತ್ತಿ ಒತ್ತಿ ಕೂರಿಸಿದೆ. ಮಲ್ಟಿಮೀಟರ್ ಹಿಡಿದರೆ ನೆಟ್ಟಗೆ 5 ವೋಲ್ಟು. ಉಳಿದದ್ದು ಐಸಿ. ಶುಕ್ರವಾರ ಮಧ್ಯಾಹ್ನ ಹಳೆಯದನ್ನು ಕಿತ್ತು ಹೊಸ ಐಸಿ ಹಾಕಿದೆ. ಒಂದು ಗಂಟೆಗೂ ಹೆಚ್ಚು ಹೊತ್ತು ರೈಲು ಒಂದೂರೂ ತಪ್ಪದೆ ಓಡಿತು. ರೋಗ ಸಿಕ್ಕಿತು ಎಂದು ಹಳೆಯ ಐಸಿಯನ್ನು ಮೊಳೆ ಡಬ್ಬಿಗೆ ಎಸೆದೆ. ಸೊಸೆಗೆ ನಾಲ್ಕು ಬುದ್ಧಿಮಾತನ್ನೂ ಹೇಳಿದೆ, ಅಗ್ಗದ ಮಾಲು ತಂದರೆ ಹೀಗೇ ಅಂತ.

ನಮಾಜಿಗೆ ಹೋಗಿದ್ದವರು ಹಿಂತಿರುಗಿದರು, ಊಟ ಮಾಡಿದರು, ಕೆಲಸಕ್ಕೆ ಕೂತರು. ಸ್ವಲ್ಪ ಹೊತ್ತಿಗೆ ರೈಲು ಕೆಂಗೇರಿ ತಪ್ಪಿಸಿತು.

ಅವಳು ನನ್ನ ಮುಖ ನೋಡಲಿಲ್ಲ, ಲೇತಿನ ಕಡೆ ನೋಡಿದಳು. “ಭಾಯ್ ಅಂಕಲ್ ಇಲ್ದಿದ್ದಾಗ ಸರೀಗಿತ್ತಲ್ವ ಮಾವ?” ಸರಿಯಾದ ಪ್ರಶ್ನೆಯೇ. ಪರೀಕ್ಷೆ ಮಾಡಿದೆವು. ಭಾಯ್ ಸ್ವಿಚ್ ಹಾಕಿದರು, ನಾವಿಬ್ಬರೂ ದೀಪ ದಿಟ್ಟಿಸಿದೆವು. ಲೇತ್ ಗುಂಯ್ ಎಂದಿತು, ದೀಪ ಇದ್ದಲ್ಲೇ ಇತ್ತು. ಆರಿಸಿದರು, ಹಾಕಿದರು. ದೀಪ ಅಲುಗಲಿಲ್ಲ. “ನೋಡಿದ್ಯಾ, ಲೇತಿಂದಲ್ಲ” ಎಂದೆ. ದೀಪ ಜಿಗಿಯುವುದಿದ್ದರೆ ಸ್ವಿಚ್ ಹಾಕಿದ ಕ್ಷಣದಲ್ಲೇ ಜಿಗಿಯಬೇಕು ಎಂಬುದು ನನ್ನ ಲೆಕ್ಕ. ಆ ತಪ್ಪು ಲೆಕ್ಕಕ್ಕೆ ಒಂದು ವಾರ ದಂಡ ತೆತ್ತೆವು. ಆ ವಾರದಲ್ಲಿ ಪ್ರೋಗ್ರಾಮನ್ನು ಮೂರು ಬಗೆಯಲ್ಲಿ ಬರೆದೆವು, ಇನ್ನೊಂದು ಬ್ರೆಡ್‌ಬೋರ್ಡ್ ತಂದೆವು. ವಿವರ ಬೇಡ. ಯಾವುದೂ ಫಲಿಸಲಿಲ್ಲ.

ಬಾಗಿಲು ತೆರೆದದ್ದು ಬೇರೆ ಕಾರಣಕ್ಕೆ. ಐಸಿಯ ವಿವರಪತ್ರ ಓದುತ್ತ ಕೂತಿದ್ದೆ. ಅದರ ಕ್ಲಾಕ್, ಲ್ಯಾಚ್ ಕಾಲುಗಳಿಗೆ ಕೊಡುವ ಮಿಡಿತ ಸೊನ್ನೆಯಿಂದ ಮೇಲಕ್ಕೆ ಚಕ್ಕನೆ ಏರಬೇಕು, 4.5 ವೋಲ್ಟಿನಲ್ಲಿ 500 ನ್ಯಾನೋಸೆಕೆಂಡು ಮೀರಬಾರದು ಎಂದಿತ್ತು. ನಮ್ಮ ಹಲಗೆಯಲ್ಲಿ ಲ್ಯಾಚ್ ಕಾಲಿನಿಂದ ಗ್ರೌಂಡಿಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಕೂತಿತ್ತು. ದೀಪ ಮಿನುಗದಿರಲಿ ಎಂದು ಕಲಿಕೆಯ ಚಿತ್ರಗಳಲ್ಲಿ ಹಾಗೆ ತೋರಿಸುವುದುಂಟು, ಅವಳು ಅದನ್ನೇ ನೋಡಿ ಹಾಕಿದ್ದಳು. ಆರ್ಡುಯಿನೊದ ಒಂದು ಕಾಲು ತಳ್ಳಬಲ್ಲದ್ದು ಬಹಳವೆಂದರೆ 40 ಮಿಲಿಆಂಪಿಯರ್. ಅಷ್ಟರಿಂದ ಆ ಕೆಪಾಸಿಟರ್ ತುಂಬಿ 5 ವೋಲ್ಟ್ ಮುಟ್ಟಲು ನೂರು ಮೈಕ್ರೋಸೆಕೆಂಡಿಗೂ ಹೆಚ್ಚು ಬೇಕು, ಅಂದರೆ ಮಿತಿಯ ಇನ್ನೂರು ಪಟ್ಟಿಗೂ ಮೀರಿ. ಇದು ಸರಿಯಲ್ಲ ಎಂದು ಕಿತ್ತು ಹಾಕಿದೆ. ಊರು ತಪ್ಪುವ ರೋಗಕ್ಕೂ ಇದಕ್ಕೂ ಸಂಬಂಧವಿದ್ದೀತು ಎಂದು ಅನ್ನಿಸಿರಲಿಲ್ಲ.

ಕಿತ್ತ ಮೇಲೆ ಭಾಯ್ ತಮ್ಮ ಪಾಡಿಗೆ ಲೇತ್ ಹಾಕಿದರು. ಸ್ವಿಚ್ಚಿನ ಟಕ್ ಸದ್ದಿನೊಂದಿಗೇ ದೀಪ ಬಿಡದಿಯಿಂದ ರಾಮನಗರಕ್ಕೆ ಹಾರಿತು. ಸಮಯ ಆಗಿರಲಿಲ್ಲ, ಪ್ರೋಗ್ರಾಮ್ ಹೇಳಿರಲಿಲ್ಲ. “ಭಾಯ್, ಇನ್ನೊಂದ್ಸಲ!” ಎಂದು ಸೊಸೆ ಕೂಗಿದಳು. ಆರಿಸಿ ಹಾಕಿದರು. ದೀಪ ಚನ್ನಪಟ್ಟಣಕ್ಕೆ. “ನಾನೇ ನಿಮ್ ಡ್ರೈವರ್ರಾ?” ಎಂದು ಭಾಯ್ ನಕ್ಕರು.

ಆಗ ಹೊಳೆಯಿತು. ಲೇತಿನ ಮೋಟಾರು ಹತ್ತುವಾಗ ಸ್ವಿಚ್ಚಿನಲ್ಲಿ ಹಾರುವ ಕಿಡಿ ನಮ್ಮ ವೈರುಗಳಲ್ಲಿ ಸುಳ್ಳು ಮಿಡಿತ ಎಬ್ಬಿಸುತ್ತಿತ್ತು. ಕ್ಲಾಕ್ ವೈರಿನಲ್ಲಿ ಅದು ಎದ್ದಾಗ ತೆರೆಯ ಹಿಂದಿನ ಸಾಲು ಒಂದು ಹೆಜ್ಜೆ ಸರಿಯುತ್ತಿತ್ತು. ಲ್ಯಾಚ್ ವೈರಿಗೂ ಸುಳ್ಳು ಮಿಡಿತ ಬರುತ್ತಿತ್ತು, ಆದರೆ ತಪ್ಪು ಜಾಗದಲ್ಲಿದ್ದ ಆ ಕೆಪಾಸಿಟರ್ ಅದನ್ನು ನುಂಗಿಹಾಕುತ್ತಿತ್ತು. ತೆರೆ ಏಳುತ್ತಿದ್ದದ್ದು ಎರಡು ಸೆಕೆಂಡಿನ ಗಡುವಿಗೇ. ಆಗ ಪ್ರೋಗ್ರಾಮಿನ ಹೆಜ್ಜೆಯೂ ಸೇರಿ ದೀಪ ಎರಡು ಊರು ದಾಟುತ್ತಿತ್ತು. ಅಷ್ಟು ಹೊತ್ತಿಗೆ ನಾವು ಕಣ್ಣು ತೆಗೆದು, ಲೇತ್ ನಿರಪರಾಧಿ ಎಂದು ತೀರ್ಪು ಕೊಟ್ಟಾಗಿರುತ್ತಿತ್ತು.

ಹಳೆಯ ರೇಡಿಯೊ ಕೇಳಿ ಬೆಳೆದ ನನಗೆ ಇದು ಮೊದಲೇ ತೋಚಬೇಕಿತ್ತು. ಅಡುಗೆಮನೆಯಲ್ಲಿ ಅಮ್ಮ ಮಿಕ್ಸಿ ಹಾಕಿದರೆ ವಾರ್ತೆಯ ನಡುವೆ ಕರ್ರ್ ಎನ್ನುತ್ತಿರಲಿಲ್ಲವೇ?

ಸಂಶಯ ಉಳಿಯದಿರಲಿ ಎಂದು ಇನ್ನೊಂದು ವಿಚಾರಣೆ ಮಾಡಿದೆವು. ಆಸಿಲೋಸ್ಕೋಪ್ ಇಲ್ಲ. ಮಲ್ಟಿಮೀಟರಿನ ಕಣ್ಣಿಗೆ ಇಂಥ ಮಿಡಿತ ಬೀಳುವುದೇ ಇಲ್ಲ, ಈ ಐಸಿಯಾದರೋ 20 ನ್ಯಾನೋಸೆಕೆಂಡು, ಅಂದರೆ ಸೆಕೆಂಡಿನ ಐದು ಕೋಟಿಯಲ್ಲೊಂದು ಪಾಲು, ಬಾಳುವ ಮಿಡಿತವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಐಸಿಯನ್ನೇ ಸಾಕ್ಷಿ ಕಟ್ಟೆಗೆ ಹತ್ತಿಸಿದೆವು. ಹತ್ತನೇ ಕಾಲಾದ ರೀಸೆಟ್ಟಿಗೆ ಪೆಟ್ಟು ಬಿದ್ದಿದ್ದರೆ ಸಾಲೆಲ್ಲ ಅಳಿಸಿಹೋಗಬೇಕು. ಡೇಟಾ ವೈರು ಕೆಟ್ಟ ಗಳಿಗೆಯಲ್ಲಿ ಸುಳ್ಳು ಹೇಳಿದ್ದರೆ ಎರಡು ಊರಲ್ಲಿ ದೀಪ ಹತ್ತಬೇಕು. ಲ್ಯಾಚ್ ಒಂದೇ ಅದುರಿದರೆ ಅದೇ ಸಾಲು ಮತ್ತೆ ಕಂಡೀತು, ಬದಲಾವಣೆ ಇಲ್ಲ. ದೀಪ ಒಂದೇ ಇದ್ದು, ಊರು ಮಾತ್ರ ತಪ್ಪಬೇಕಾದರೆ ಕ್ಲಾಕ್ ಒಂದೇ ದಾರಿ. ಪ್ರೋಗ್ರಾಮಿನ ಗಡುವನ್ನು ಹತ್ತು ಸೆಕೆಂಡಿಗೆ ಏರಿಸಿ, ಆ ಹತ್ತು ಸೆಕೆಂಡಿನೊಳಗೆ ಭಾಯ್ ಹಲವು ಸಲ ಲೇತ್ ಆರಿಸಿ ಹಾಕಿದರು. ದೀಪ ಒಂದೊಂದೇ ಊರು ದಾಟಿ ಮೈಸೂರಿನಾಚೆ ಬಿದ್ದುಹೋಯಿತು. ಎರಡನೇ ದೀಪ ಒಮ್ಮೆಯೂ ಹುಟ್ಟಲಿಲ್ಲ. ಮಂಡ್ಯ ದಾಟಿ ಮಾಯವಾಗಿದ್ದ ದೀಪದ ಕತೆಯೂ ಅಲ್ಲಿಗೆ ತಿಳಿಯಿತು.

ದೋಷದ ಬೇರು ನಮ್ಮ ವೈರಿಂಗಿನಲ್ಲೇ ಇತ್ತು. ಆರ್ಡುಯಿನೊ ಕಿಟಕಿಯ ಬಳಿ, ಲ್ಯಾಪ್‌ಟಾಪಿನ ಪಕ್ಕ. ಹಲಗೆ ಎದುರು ಗೋಡೆಯಲ್ಲಿ. ನಡುವೆ ಎರಡು ಮಾರು ವೈರು, ಅದೂ ಲೇತಿನ ಕರೆಂಟ್ ವೈರಿಗೆ ಅಂಟಿಕೊಂಡೇ ಸಾಗಿತ್ತು. ಐಸಿಯ ಹದಿನಾರನೇ ಕಾಲಿಗೂ ಎಂಟನೇ ಕಾಲಿಗೂ ನಡುವೆ ಇರಲೇಬೇಕಾದ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮಾತ್ರ ಇರಲಿಲ್ಲ. ಮೈಮೇಲೆ ‘104’ ಎಂದು ಬರೆದಿರುತ್ತದಲ್ಲ, ಕಡಲೆಬೇಳೆಯಂಥದ್ದು: ಹತ್ತರ ಮುಂದೆ ನಾಲ್ಕು ಸೊನ್ನೆ, ಒಂದು ಲಕ್ಷ ಪಿಕೋಫ್ಯಾರಡ್. ಕೆಪಾಸಿಟರ್ ಬೇಕಿದ್ದ ಕಡೆ ಇಲ್ಲ, ಬೇಡದ ಕಡೆ ಇತ್ತು. “ಕಂಡೆನ್ಸರ್ ಇಲ್ದೆ ನನ್ ಮೋಟಾರೇ ತಿರ್ಗಲ್ಲ, ನಿಮ್ದು ಹೆಂಗೆ ತಿರ್ಗತ್ತೆ?” ಎಂದು ಭಾಯ್ ಕೇಳಿದರು. ಎರಡರ ಕೆಲಸ ಬೇರೆ ಬೇರೆ ಎಂದು ವಿವರಿಸಲು ಹೊರಟು, ಬೇಡವೆಂದು ಸುಮ್ಮನಾದೆ.

104 ಹಾಕಿದೆವು. ಜಿಗಿತ ಕಡಿಮೆಯಾಯಿತು, ನಿಲ್ಲಲಿಲ್ಲ. ಆರ್ಡುಯಿನೊವನ್ನು ಹಲಗೆಯ ಬೆನ್ನಿಗೇ ಸ್ಕ್ರೂ ಹೊಡೆದು, ಕ್ಲಾಕ್ ವೈರನ್ನು ಒಂದು ಗೇಣಿಗೆ ಇಳಿಸಿ, ಅದಕ್ಕೆ ಗ್ರೌಂಡ್ ವೈರು ಹುರಿ ಹೊಸೆದೆವು. ನಿಂತಿತು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಪ್ರೋಗ್ರಾಮ್ ನೋಡಿದಾಗೆಲ್ಲ ಕಿರಿಕಿರಿ. ಅದು ಒಂದೊಂದೇ ಹೆಜ್ಜೆ ನೂಕಿ, ದೀಪ ಎಲ್ಲಿದೆ ಎಂಬ ನೆನಪನ್ನು ಪೂರ್ತಿ ಐಸಿಗೇ ಬಿಟ್ಟಿತ್ತು. ಒಂದು ಸುಳ್ಳು ಮಿಡಿತಕ್ಕೆ ಆ ಸುತ್ತು ಪೂರ್ತಿ ಹಾಳಾಗುತ್ತಿದ್ದದ್ದು ಅದಕ್ಕೇ. ದೀಪದ ಜಾಗವನ್ನು ಆರ್ಡುಯಿನೊವೇ ನೆನಪಿಟ್ಟುಕೊಂಡು, ಎಂಟೂ ಊರಿನ ಸಾಲನ್ನು ಸೆಕೆಂಡಿಗೆ ಐವತ್ತು ಸಲ ಹೊಸದಾಗಿ ಕಳಿಸುವಂತೆ ಸೊಸೆ ತಿದ್ದಿದಳು. ಸಾಲು ಎಂದಾದರೂ ಸರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ತನ್ನ ಜಾಗಕ್ಕೆ ಬರುತ್ತದೆ. ನಾನು ವೈರಿನಲ್ಲೇ ಮುಳುಗಿದ್ದೆ. ಇದು ಪೂರ್ತಿ ಅವಳ ತಲೆ.

ಪ್ರದರ್ಶನಕ್ಕೆ ಎರಡು ದಿನ ಇದ್ದಾಗ ಅವಳು ಮೊಳೆ ಡಬ್ಬಿ ಕೆದಕುತ್ತಿದ್ದಳು. ನಾನು ಕೆಟ್ಟಿದೆ ಎಂದು ಎಸೆದಿದ್ದ ಐಸಿ ಹುಡುಕಿ, ಸೊಟ್ಟಗಾಗಿದ್ದ ಕಾಲು ನೆಟ್ಟಗೆ ಮಾಡಿ, ಮೊದಲ ಐಸಿಯ ಪಕ್ಕ ಚುಚ್ಚಿದಳು. ಸಾಲಿನ ತುದಿಯಿಂದ ಹೊರಬಿದ್ದವರು ಮೊದಲ ಐಸಿಯ ಒಂಬತ್ತನೇ ಕಾಲಿನಿಂದ ಬರುತ್ತಾರೆ, ಅದನ್ನು ಎರಡನೆಯದರ ಹದಿನಾಲ್ಕನೇ ಕಾಲಿಗೆ ಕೊಟ್ಟರೆ ಸಾಲು ಬೆಳೆಯುತ್ತದೆ. ಕ್ಲಾಕ್, ಲ್ಯಾಚ್ ಎರಡಕ್ಕೂ ಒಂದೇ. ಮೈಸೂರಿನ ವೈರು ಎರಡನೇ ಐಸಿಗೆ ಹೋಯಿತು, ಅದು ಬಿಟ್ಟ ಎಂಟನೇ ಬಾಯಿಗೆ ಭಾಯ್ ಹೊಸದೊಂದು ಉಂಗುರ ಕಡೆದುಕೊಟ್ಟರು.

ಮೊದಲ ಓಟದಲ್ಲಿ ರೈಲು ಮೈಸೂರಿನಿಂದಲೇ ಹೊರಟಿತು. ಮೊದಲು ಕಳಿಸಿದ ಬೈಟು ದೂರದ ಐಸಿಗೆ ಹೋಗಿ ಕೂರುತ್ತದೆ, ಅವಳು ಎರಡನ್ನೂ ಅದಲು ಬದಲು ಕಳಿಸಿದ್ದಳು. ತಿದ್ದಿ, “ಅಂಕಲ್, ಲೇತ್ ಹಾಕಿ” ಎಂದಳು. ಭಾಯ್ ಹಾಕಿದರು, ಆರಿಸಿದರು, ಮತ್ತೆ ಹಾಕಿದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ. ನಾನು ಎಸೆದ ಐಸಿ ಮೈಸೂರಿಗೆ ಕಾದಿತ್ತು. ಅದಕ್ಕೂ ಮೊದಲು, ಅರಗಿನ್ನೂ ಬಿಸಿ ಆರದ ಉಂಗುರದ ನಡುವೆ, ಶ್ರೀರಂಗಪಟ್ಟಣ ಹತ್ತಿಕೊಂಡಿತು.