ಖಿನ್ನತೆಯ ನಿರ್ವಹಣೆ: ಔಷಧಿ ಮತ್ತು ವ್ಯಾಯಾಮ

ಖಿನ್ನತೆಯು ಕನಿಷ್ಠ ಎರಡು ವಾರ ಬಿಡದೆ ಕಾಡುವ ಬೇಸರ, ನಿರಾಸಕ್ತಿ, ನಿದ್ರಾಭಂಗ ಮತ್ತು ಆಯಾಸಗಳಿಂದ ಗುರುತಿಸಲಾಗುವ ಕಾಯಿಲೆ. ಹಳ್ಳಿಗಳಲ್ಲಿ ಇದು ಅನೇಕ ವೇಳೆ ಮೈಕೈನೋವು, ನಿಶ್ಶಕ್ತಿಗಳ ರೂಪದಲ್ಲಿ ವೈದ್ಯರ ಮುಂದೆ ಬರುತ್ತದೆ.

ಫ್ಲುಆಕ್ಸೆಟಿನ್, ಎಸ್ಸಿಟಾಲೋಪ್ರಾಮ್ ಮೊದಲಾದ ಔಷಧಿಗಳ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ವಾಕರಿಕೆಯಂತಹ ಅಡ್ಡಪರಿಣಾಮಗಳಾದರೋ ಮೊದಲ ದಿನಗಳಲ್ಲಿಯೇ ತೋರಬಹುದು. ಗುಳಿಗೆ ವ್ಯರ್ಥವೆಂದು ಬಿಟ್ಟುಬಿಡುವ ಅಪಾಯವಿರುವುದು ಈ ಅವಧಿಯಲ್ಲಿಯೇ. ಗುಣವಾದ ಬಳಿಕವೂ ಕನಿಷ್ಠ 6 ತಿಂಗಳು ಸೇವಿಸಿ, ವೈದ್ಯರ ಸಲಹೆಯಂತೆ ಹಂತಹಂತವಾಗಿ ನಿಲ್ಲಿಸಬೇಕು.

ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆ ಸೌಮ್ಯ ಖಿನ್ನತೆಯನ್ನು ತಗ್ಗಿಸಬಲ್ಲದು. ತೀವ್ರ ಖಿನ್ನತೆಯಲ್ಲಿ ವ್ಯಾಯಾಮವು ಔಷಧಿಗೆ ಪೂರಕವೇ ಹೊರತು ಬದಲಿಯಲ್ಲ. ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಬಿಡುವಿನ ವೇಳೆಯ ಚಟುವಟಿಕೆಯಲ್ಲಿ ಸಂಶೋಧಕರು ಕಂಡಷ್ಟು ಪ್ರಯೋಜನ ಹೊಟ್ಟೆಪಾಡಿನ ದುಡಿಮೆಯಲ್ಲಿ ಕಂಡುಬಂದಿಲ್ಲ. ಸಾಲದ ಚಿಂತೆ ಹೊತ್ತು ಕಳೆ ಕೀಳುವುದೂ ಸಂಜೆ ಗೆಳೆಯರೊಡನೆ ನಡೆಯುವುದೂ ಒಂದೇ ಅಲ್ಲವಷ್ಟೆ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಮಳೆ ಬಿದ್ದಾಗ ಹೊಲದ ದಾರಿ ಕಾಲಿಗಂಟುತ್ತದೆ. ಆಗ ಡಾಂಬರು ರಸ್ತೆ ಅಥವಾ ಮನೆಯೊಳಗಿನ ಸೂರ್ಯನಮಸ್ಕಾರ ಒದಗಬಹುದು.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಯನ್ನು ಏರ್ಪಡಿಸಲಾಗಿದೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ರೋಗಿಯು ಸಾವಿನ ಮಾತನ್ನಾಡಿದರೆ ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯಲ್ಲಿರುವ ಕೀಟನಾಶಕವನ್ನು ಬೀಗ ಹಾಕಿ ಬೇರೆಡೆ ಇರಿಸಬೇಕು.