ನಿರೋಧಕ ಶಕ್ತಿಯನ್ನು ಎಬ್ಬಿಸುವ ಮಾತ್ರೆ

ಕೊರೋನಾ ಬಂದುಹೋದ ಮೇಲೆ ಮೆಡಿಕಲ್ ಶಾಪಿನಲ್ಲಿ ‘ಇಮ್ಯುನಿಟಿ ಜಾಸ್ತಿಯಾಗೋ ಮಾತ್ರೆ ಕೊಡಿ’ ಎಂದು ಕೇಳುವುದು ಮಾಮೂಲಾಗಿದೆ. ಕೇಳಿದವರಿಗೆ ಸಿಗುವುದು ಸಾಮಾನ್ಯವಾಗಿ ವಿಟಮಿನ್ ಸಿ, ಇಲ್ಲವೇ ಜಿಂಕ್. ಆದರೆ ವೈರಸ್ಸಿನ ವಿರುದ್ಧ ದೇಹದ ರಕ್ಷಣಾಪಡೆಯನ್ನು ಎಬ್ಬಿಸುವುದಕ್ಕೆಂದು ಕೊಡುವ ಮಾತ್ರೆಯೊಂದು ಐವತ್ತು ವರ್ಷಗಳಿಂದ ಬಳಕೆಯಲ್ಲಿದೆ. ಅದರ ಹೆಸರು ಇನೋಸಿನ್ ಪ್ರಾನೊಬೆಕ್ಸ್. ಐಸೋಪ್ರಿನೋಸಿನ್ ಎಂದರೆ ನರರೋಗ ತಜ್ಞರಿಗೆ ಬೇಗ ಗೊತ್ತಾಗುತ್ತದೆ, ಏಕೆಂದರೆ ನಮ್ಮಲ್ಲಿ ಅದರ ಕೆಲಸವಿರುವುದು ಮುಖ್ಯವಾಗಿ ಅವರ ವಾರ್ಡಿನಲ್ಲಿ.

ದಡಾರವನ್ನು ನಾವು ಬೇವಿನ ಸೊಪ್ಪಿನ ಕಾಯಿಲೆ ಎಂದುಕೊಂಡಿದ್ದೇವೆ. ಜ್ವರ, ಕೆಂಪು ಗುಳ್ಳೆ, ಒಂದೆರಡು ವಾರ, ಮುಗಿಯಿತು. ಆದರೆ ಕೆಲವೇ ಕೆಲವು ಮಕ್ಕಳಲ್ಲಿ ಆ ವೈರಸ್ ಮೆದುಳಿನೊಳಗೆ ಉಳಿದುಬಿಡುತ್ತದೆ. ಎರಡು ವರ್ಷ ತುಂಬುವ ಮೊದಲೇ ದಡಾರ ಬಂದವರಿಗೆ ಈ ಅಪಾಯ ಹೆಚ್ಚು. ಆರೆಂಟು ವರ್ಷ ಏನೂ ತಿಳಿಯುವುದಿಲ್ಲ. ಆಮೇಲೆ, ಚೆನ್ನಾಗಿ ಓದುತ್ತಿದ್ದ ಹುಡುಗ ಲೆಕ್ಕ ಮರೆಯುತ್ತಾನೆ, ಅಕ್ಷರ ಸೊಟ್ಟಗಾಗುತ್ತದೆ. ಮನೆಯವರು ಸೋಮಾರಿತನ ಎಂದು ಬೈಯುತ್ತಾರೆ. ಕೆಲವು ತಿಂಗಳಲ್ಲಿ ಮೈ ಅದುರತೊಡಗುತ್ತದೆ. ತಟ್ಟೆಯ ಮುಂದೆ ಕೂತ ಮಗುವಿನ ತಲೆ ಕೆಲವು ಸೆಕೆಂಡಿಗೊಮ್ಮೆ ಥಟ್ಟನೆ ಮುಂದಕ್ಕೆ ಬಾಗುತ್ತದೆ, ಕೈಯ ತುತ್ತು ಜಾರುತ್ತದೆ. ಮತ್ತೆ ಕೆಲವು ಸೆಕೆಂಡು ಬಿಟ್ಟು ಅದೇ. ಇಇಜಿ ಪರೀಕ್ಷೆಯಲ್ಲಿ ಅದೇ ಲಯದ ಎತ್ತರದ ಅಲೆಗಳು ಕಾಣುತ್ತವೆ. ಇದಕ್ಕೆ ಎಸ್‌ಎಸ್‌ಪಿಇ ಎಂದು ಹೆಸರು. ಬಹುಪಾಲು ಮಕ್ಕಳು ಕೆಲವೇ ವರ್ಷಗಳಲ್ಲಿ ತೀರಿಹೋಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇಂಥ ಮಕ್ಕಳನ್ನು ನೋಡುತ್ತ ಬಂದಿದ್ದಾರೆ.

ಈ ಮಕ್ಕಳ ದೇಹದಲ್ಲಿ ‘ಇಮ್ಯುನಿಟಿ ಕಡಿಮೆ’ಯಾಗಿರುತ್ತದೆ ಎಂದುಕೊಂಡರೆ ತಪ್ಪು. ಬೆನ್ನುಹುರಿಯ ದ್ರವ ತೆಗೆದು ನೋಡಿದರೆ ದಡಾರದ ವಿರುದ್ಧದ ಪ್ರತಿಕಾಯಗಳು ವಿಪರೀತ ಇರುತ್ತವೆ. ಅವುಗಳಿಂದ ಪ್ರಯೋಜನವಾಗುತ್ತಿಲ್ಲ, ಅಷ್ಟೆ. ಮೆದುಳಿನಲ್ಲಿ ಉಳಿದ ವೈರಸ್ ರೂಪಾಂತರಗೊಂಡಿರುತ್ತದೆ. ಪೂರ್ಣ ಕಣವಾಗಿ ಹೊರಬರದೆ, ಒಂದು ನರಕೋಶದಿಂದ ಪಕ್ಕದ ನರಕೋಶಕ್ಕೆ ಒಳಗಿಂದೊಳಗೇ ದಾಟುತ್ತದೆ. ಪ್ರತಿಕಾಯಗಳೋ ಬೀದಿಯಲ್ಲಿ ಗಸ್ತು ತಿರುಗುವ ಪೊಲೀಸರಂತೆ, ಮನೆಯೊಳಗಿನ ಕಳ್ಳ ಅವರಿಗೆ ಸಿಗುವುದಿಲ್ಲ. ಸೋಂಕು ತಗುಲಿದ ಕೋಶವನ್ನೇ ಗುರುತಿಸಿ ಎದುರಿಸುವ ಕೆಲಸ ಟಿ-ಕೋಶಗಳದ್ದು, ಎನ್‌ಕೆ ಕೋಶಗಳದ್ದು. ಇನೋಸಿನ್ ಪ್ರಾನೊಬೆಕ್ಸ್ ಹುರಿದುಂಬಿಸುವುದು ಇವುಗಳನ್ನೇ. ಇಂಟರ್‌ಲ್ಯೂಕಿನ್-2, ಇಂಟರ್‌ಫೆರಾನ್ ಗಾಮಾದಂಥ ಸಂದೇಶವಾಹಕಗಳ ಉತ್ಪಾದನೆಯನ್ನೂ ಅದು ಹೆಚ್ಚಿಸುತ್ತದೆ. ನೇರವಾಗಿ ವೈರಸ್ಸನ್ನು ಹೊಡೆಯುವ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ.

ಎಸ್‌ಎಸ್‌ಪಿಇಗೆ ಕೊಡುವ ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಗ್ರಾಂ. ಇಪ್ಪತ್ತು ಕಿಲೋ ತೂಗುವ ಮಗುವಿಗೆ 500 ಮಿಲಿಗ್ರಾಮಿನ ನಾಲ್ಕು ಮಾತ್ರೆ. ನುಂಗಲು ಕಷ್ಟಪಡುವ ಮಗುವಿಗೆ ತಾಯಿ ಅದನ್ನು ಪುಡಿ ಮಾಡಿ, ಹೊತ್ತು ಹೊತ್ತಿಗೆ ಹಂಚಿ ಕುಡಿಸಬೇಕು, ತಿಂಗಳುಗಟ್ಟಲೆ. ಇನೋಸಿನ್ ದೇಹದಲ್ಲಿ ಕೊನೆಗೆ ಯೂರಿಕ್ ಆಮ್ಲವಾಗುವುದರಿಂದ ಅದರ ಮಟ್ಟವನ್ನು ಆಗಾಗ ಪರೀಕ್ಷಿಸುತ್ತಿರಬೇಕು. ಗೌಟ್ ಇರುವವರಿಗೆ ಈ ಮಾತ್ರೆ ಸಲ್ಲದು.

ಫಲವೇನು? 2003ರಲ್ಲಿ ಪ್ರಕಟವಾದ, ಹಲವು ದೇಶಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಮಾತ್ರೆಯನ್ನಷ್ಟೇ ಪಡೆದವರಲ್ಲಿ ಶೇ 34ರಷ್ಟು ಮಂದಿಯ ಕಾಯಿಲೆ ನಿಂತಿತು ಅಥವಾ ತುಸು ಸುಧಾರಿಸಿತು. ಜೊತೆಗೆ ಮೆದುಳಿನೊಳಕ್ಕೆ ಇಂಟರ್‌ಫೆರಾನ್ ಕೊಟ್ಟವರಲ್ಲಿ ಶೇ 35. ಚಿಕಿತ್ಸೆಯಿಲ್ಲದೆಯೂ ಶೇ 5ರಿಂದ 10 ಮಂದಿಯಲ್ಲಿ ಕಾಯಿಲೆ ತಾನಾಗಿ ತಡೆದು ನಿಲ್ಲುವುದುಂಟು. ಹುಸಿಮಾತ್ರೆ ಪಡೆದ ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ ಎನ್ನುವುದನ್ನು ಮರೆಯಬಾರದು. ಆದರೂ ಮೂವರಲ್ಲಿ ಒಬ್ಬರು ಎನ್ನುವುದು ಈ ಕಾಯಿಲೆಯ ಮಟ್ಟಿಗೆ ದೊಡ್ಡ ಮಾತು. ವಾಸಿಯಾಗುವುದು ಎಂದು ಮಾತ್ರ ಯಾರೂ ಹೇಳಲಾರರು.

ಬೇರೆಡೆ ಈ ಮಾತ್ರೆಯ ಚರಿತ್ರೆ ಏರಿಳಿತದ್ದು. 1990ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್‌ನ 866 ಎಚ್‌ಐವಿ ಸೋಂಕಿತರ ಅಧ್ಯಯನ ಬಂತು. ಹುಸಿಮಾತ್ರೆ ಪಡೆದ 17 ಮಂದಿಗೆ ಏಡ್ಸ್ ಬಂದರೆ, ಇದನ್ನು ಪಡೆದವರಲ್ಲಿ ಇಬ್ಬರಿಗೆ ಮಾತ್ರ. ಅಷ್ಟಾದರೂ ಅಮೆರಿಕ ಒಪ್ಪಲಿಲ್ಲ, ಎಚ್‌ಐವಿಯನ್ನು ನೇರವಾಗಿ ತಡೆಯುವ ಔಷಧಗಳು ಬಂದು ಇದು ಹಿಂದೆ ಸರಿಯಿತು. ಪೂರ್ವ ಯುರೋಪಿನ ಕೆಲವು ದೇಶಗಳಲ್ಲಿ ನೆಗಡಿ, ಫ್ಲೂಗೂ ಕೊಡುತ್ತಾರೆ. ಜೆಕ್ ದೇಶದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಟ್ಟಾರೆಯಾಗಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಐವತ್ತರೊಳಗಿನ ಆರೋಗ್ಯವಂತರು ಮಾತ್ರ ತುಸು ಬೇಗ ಚೇತರಿಸಿಕೊಂಡರು. ಹೇಗೂ ವಾರದಲ್ಲಿ ಹೋಗುವ ನೆಗಡಿಗೆ ಇಂಥ ಔಷಧ ನುಂಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಎಸ್‌ಎಸ್‌ಪಿಇಯನ್ನು ಖಚಿತವಾಗಿ ತಡೆಯಬಲ್ಲದ್ದು ದಡಾರದ ಲಸಿಕೆ. ಈ ಕಾಯಿಲೆಯವರ ಮೆದುಳಿನಲ್ಲಿ ಸಿಕ್ಕಿರುವುದೆಲ್ಲ ಹೊರಗಿನ ದಡಾರದ ವೈರಸ್ಸೇ, ಲಸಿಕೆಯದ್ದಲ್ಲ. 2017ರ ಫೆಬ್ರುವರಿಯಲ್ಲಿ ದೇಶದಲ್ಲಿ ದಡಾರ–ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೊದಲ ಡೋಸ್ 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಮನೆಯಲ್ಲಿ ಮಗುವಿದ್ದರೆ ತಾಯಿ ಕಾರ್ಡ್ ತೆಗೆದು ಎರಡೂ ಕಡೆ ಗುರುತು ಬಿದ್ದಿದೆಯೇ ನೋಡಿ. ಬಿದ್ದಿಲ್ಲವಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಾಕಿಸಿ, ಅಲ್ಲಿ ಅದು ಉಚಿತ.