ಕೆಂಪಗೆ ಕಾದ ಅಲಗಿನ ಕರಿ ಹಕ್ಕಳೆ

ಜಪಾನಿನ ಅರ ಮಾಡುವ ಕಸುಬುದಾರರು, ಹೊಸದಾಗಿ ಹಲ್ಲು ಕೊರೆದ ಅರವನ್ನು ಕಾಯಿಸುವ ಮೊದಲು ಅದಕ್ಕೆ ಏನು ಬಳಿಯುತ್ತಿದ್ದರು ಗೊತ್ತೇ? ಮಿಸೋ! ಸೋಯಾ ಕಾಳಿಗೆ ಉಪ್ಪು ಬೆರೆಸಿ ಹುದುಗು ಬರಿಸಿದ, ಅವರ ಮನೆಗಳಲ್ಲಿ ದಿನವೂ ಸಾರಿಗೆ ಕದಡುವ ಅದೇ ಮಿಸೋ. ಭೂಮಿಯ ಇನ್ನೊಂದು ತುದಿಯಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನವರು ಬಿಯರ್ ಪೀಪಾಯಿಯ ತಳದ ಗಸಿಗೆ ಉಪ್ಪು ಹಾಕಿ ಬಳಿಯುತ್ತಿದ್ದರು. 12ನೇ ಶತಮಾನದಲ್ಲಿ ಥಿಯೋಫಿಲಸ್ ಎಂಬ ಸನ್ಯಾಸಿ ಕರಕುಶಲ ಕಲೆಗಳ ಕುರಿತು ಬರೆದ ಗ್ರಂಥದಲ್ಲಿ ಸುಟ್ಟ ಎತ್ತಿನ ಕೊಂಬಿನ ಪುಡಿಗೆ ಉಪ್ಪು ಸೇರಿಸುವ ವಿಧಾನವಿದೆ. ಸಣ್ಣ ಅರಗಳಿಗಂತೂ ಆತ ಹೇಳುವ ಉಪಚಾರ ಇನ್ನೂ ವಿಚಿತ್ರ: ಹಂದಿಯ ಕೊಬ್ಬು ಸವರಿ, ಆಡಿನ ತೊಗಲಿನ ಪಟ್ಟಿ ಸುತ್ತಿ, ನಾರಿನ ದಾರದಿಂದ ಬಿಗಿದು, ಮೇಲೆ ಜೇಡಿಮಣ್ಣು ಮೆತ್ತಬೇಕು!

ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಈ ಜನರೆಲ್ಲ ಎಚ್ಚರ ವಹಿಸುತ್ತಿದ್ದದ್ದು ಮುಖ್ಯವಾಗಿ ಒಂದಕ್ಕೆ: ಕಾದ ಉಕ್ಕಿನ ಮೈಗೆ ಗಾಳಿ ತಾಗಬಾರದು.

ತಾಗಿದರೆ ಏನಾಗುತ್ತದೆ ಎಂಬುದನ್ನು ಚಾಕು ಮಾಡುವವರ ಬಳಿ ನಿಂತು ನೋಡಬೇಕು. ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಅಲಗು ಇಕ್ಕಳದ ತುದಿಯಲ್ಲಿ ಹೊರಗೆ ಬರುತ್ತದೆ. ಕಿತ್ತಳೆ ಬಣ್ಣದ ಹೊಳಪಿನ ಮೇಲೆ ಕಣ್ಣೆದುರಿಗೇ ಮಂಕು ಕವಿಯುತ್ತದೆ. ಎಣ್ಣೆಗೆ ಇಳಿಸಿದ್ದೇ ತಡ, ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಕರಿ ಚೂರುಗಳು ಸಿಡಿದು ಉದುರುತ್ತವೆ. ಒಂದನ್ನು ಆರಿಸಿ ಭೂತಗನ್ನಡಿಯ ಕೆಳಗೆ ಹಿಡಿಯಿರಿ. ಬೂದು ಮಿಶ್ರಿತ ಕಪ್ಪು, ಉಗುರು ತಾಗಿದರೆ ಮುರಿಯುವಷ್ಟು ಪೆಡಸು, ಅಯಸ್ಕಾಂತ ತಂದರೆ ಟಕ್ಕನೆ ಹೋಗಿ ಅಂಟುತ್ತದೆ. ಇದು ಮಸಿಯಲ್ಲ, ಕುಲುಮೆಯ ಕೊಳೆಯೂ ಅಲ್ಲ. ಇದು ಚಾಕುವೇ! ಒಂದು ಗಳಿಗೆಯ ಹಿಂದೆ ಅಲಗಿನಲ್ಲಿದ್ದ ಕಬ್ಬಿಣ ಆಮ್ಲಜನಕದ ಜೊತೆ ಕೂಡಿ ಹಕ್ಕಳೆಯಾಗಿ ಎದ್ದು ಬಂದಿದೆ.

ಆ ತೆಳು ಹಕ್ಕಳೆಯೊಳಗೆ ಕಬ್ಬಿಣದ ಆಕ್ಸೈಡಿನ ಮೂರು ಪದರಗಳಿರುತ್ತವೆ. ತೀರ ಹೊರಗೆ ಹೆಮಟೈಟ್, ನಡುವೆ ಮ್ಯಾಗ್ನೆಟೈಟ್, ಕಬ್ಬಿಣಕ್ಕೆ ಅಂಟಿಕೊಂಡಂತೆ ವುಸ್ಟೈಟ್. ಈ ಮೂರನೆಯದು 570 ಡಿಗ್ರಿ ದಾಟಿದ ಮೇಲಷ್ಟೇ ಹುಟ್ಟುತ್ತದೆ. ಆದರೆ ಹುಟ್ಟಿತೆಂದರೆ ಮಿಕ್ಕೆರಡನ್ನು ಮೂಲೆಗೆ ತಳ್ಳಿಬಿಡುತ್ತದೆ: 1000 ಡಿಗ್ರಿಯ ಸುಮಾರಿಗೆ ಹಕ್ಕಳೆಯ ದಪ್ಪದಲ್ಲಿ ನೂರಕ್ಕೆ 95 ಪಾಲು ಅದರದೇ. ಕಾರಣ, ಅದರ ಹರಳಿನಲ್ಲಿ ಕಬ್ಬಿಣದ ಕಣಗಳು ಇರಬೇಕಾದ ಎಷ್ಟೋ ಜಾಗಗಳು ಖಾಲಿ ಬಿದ್ದಿರುತ್ತವೆ. ಆ ಖಾಲಿ ಜಾಗಗಳನ್ನು ಹಿಡಿದು ಒಳಗಿನ ಕಬ್ಬಿಣ ಹೊರಕ್ಕೆ ನಡೆದು ಬರುತ್ತದೆ! ಆಮ್ಲಜನಕ ಒಳನುಗ್ಗಿ ಕಬ್ಬಿಣವನ್ನು ತಿನ್ನುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಡೆಯುವುದು ಬಹುಪಾಲು ತಿರುಗುಮುರುಗು. 1929ರಲ್ಲಿ ಎಲ್. ಬಿ. ಫೈಲ್ ಎಂಬ ಬ್ರಿಟಿಷ್ ಲೋಹವಿಜ್ಞಾನಿ ಕಬ್ಬಿಣದ ಮೇಲ್ಮೈಗೆ ಗುರುತಿನ ಪುಡಿ ಬಳಿದು ಕಾಯಿಸಿ ನೋಡಿದ. ಮೇಲೆ ಬಳಿದ ಗುರುತು ಹಕ್ಕಳೆಯ ಒಳಗೆ ಹೂತುಹೋಗಿತ್ತು. ಕಬ್ಬಿಣ ಅದನ್ನು ದಾಟಿ ಹೊರಗೆ ಬಂದು ಬೆಳೆದಿತ್ತು. ನಾಲ್ಕು ವರ್ಷದ ನಂತರ ಜರ್ಮನಿಯ ಕಾರ್ಲ್ ವಾಗ್ನರ್ ಈ ನಡಿಗೆಗೆ ಗಣಿತದ ಸಿದ್ಧಾಂತವನ್ನೇ ಕೊಟ್ಟ. ಹಕ್ಕಳೆ ದಪ್ಪವಾದಷ್ಟೂ ದಾರಿ ದೂರ, ಹಾಗಾಗಿ ನಾಲ್ಕು ಪಟ್ಟು ಹೊತ್ತು ಕಾಯಿಸಿದರೆ ಹಕ್ಕಳೆ ಎರಡೇ ಪಟ್ಟು.

ಇಷ್ಟೇ ಆಗಿದ್ದರೆ ಉಜ್ಜಿ ತೆಗೆದು ಸುಮ್ಮನಾಗಬಹುದಿತ್ತು. ನಿಜವಾದ ನಷ್ಟ ಕಣ್ಣಿಗೆ ಕಾಣುವುದೇ ಇಲ್ಲ. ಉಕ್ಕಿಗೆ ಗಟ್ಟಿತನ ಬರುವುದು ಅದರೊಳಗಿನ ಇಂಗಾಲದಿಂದ, ಅದೂ ನೂರಕ್ಕೆ ಒಂದು ಪಾಲಿನಷ್ಟು ಇಂಗಾಲದಿಂದ. ಮೇಲ್ಮೈಯ ಆ ಇಂಗಾಲವೂ ಆಮ್ಲಜನಕದ ಜೊತೆ ಸೇರಿ ಅನಿಲವಾಗಿ ಹಾರಿಹೋಗುತ್ತದೆ. ಹಕ್ಕಳೆಯ ಕೆಳಗೆ ಉಳಿಯುವುದು ಮೆತ್ತನೆಯ ಚರ್ಮ. ಹದ ಬಂದಿದೆಯೇ ಎಂದು ಅರ ಆಡಿಸಿ ನೋಡುವವರನ್ನು ಇದು ಎಷ್ಟು ಚೆನ್ನಾಗಿ ಏಮಾರಿಸುತ್ತದೆ! ಅರ ಕಚ್ಚುತ್ತದೆ, ಅಲಗು ಕೆಟ್ಟಿತೆಂದು ಎದೆ ಧಸಕ್ಕೆನ್ನುತ್ತದೆ. ಅದೇ ಜಾಗದಲ್ಲಿ ಇನ್ನೊಂದಿಷ್ಟು ಉಜ್ಜಿದರೆ ಅರ ಸರ್ರನೆ ಜಾರಿಹೋಗುತ್ತದೆ. ಒಳಗೆ ಗಾಜಿನಷ್ಟು ಗಟ್ಟಿ ಉಕ್ಕು ಕೂತಿದೆ. ಬಲ್ಲವರು ಹದ ಕೊಡುವ ಮುನ್ನ ಬಾಯಿಯನ್ನು ಪೂರ್ತಿ ತೆಳುವು ಮಾಡದೆ ಅರ್ಧ ಮಿಲಿಮೀಟರಿಗೂ ಹೆಚ್ಚು ದಪ್ಪ ಬಿಡುವುದು ಇದಕ್ಕೇ. ಅರದ ಹಲ್ಲಿಗೆ ಆ ಅನುಕೂಲವಿಲ್ಲ, ಹದವಾದ ಮೇಲೆ ಅದನ್ನು ಮತ್ತೆ ಉಜ್ಜುವಂತಿಲ್ಲ. ಮಿಸೋ, ಬಿಯರ್ ಗಸಿ, ಸುಟ್ಟ ಕೊಂಬು ಬಂದದ್ದು ಆ ಸಂಕಟದಿಂದಲೇ. ಅವು ಕಾದು ಕರಕಲಾಗಿ ಹಲ್ಲಿನ ಸುತ್ತ ಇಂಗಾಲದ ಹೊದಿಕೆಯಾಗುತ್ತವೆ.

ಈಗಿನ ಚಾಕುಗಾರರ ಹೊದಿಕೆ ಸ್ಟೇನ್‌ಲೆಸ್ ಸ್ಟೀಲಿನ ಹಾಳೆ, ದಪ್ಪ ಬರೀ 0.05 ಮಿಲಿಮೀಟರ್. ಅಲಗನ್ನು ಅದರಲ್ಲಿಟ್ಟು ಅಂಚುಗಳನ್ನು ಎರಡೆರಡು ಸಲ ಮಡಚುತ್ತಾರೆ (ಆ ಅಂಚು ಕೈ ಸೀಳುತ್ತದೆ, ಕೈಗವಸು ಬೇಕೇ ಬೇಕು). ಮುಚ್ಚುವ ಮುಂಚೆ ಒಳಗೊಂದು ಕಾಗದದ ಚೂರು ಇಡುವವರೂ ಇದ್ದಾರೆ. ಕಾಗದ ಉರಿದು ಒಳಗಿನ ಆಮ್ಲಜನಕವನ್ನು ತಾನೇ ತಿಂದುಬಿಡುತ್ತದೆ! ಹೀಗೆ ಮುಚ್ಚಿ ಕಾಯಿಸುವುದು ನಮಗೂ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕನನ್, ನಮ್ಮವರು ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು ಬಾಯಿಗೆ ಮಣ್ಣು ಮೆತ್ತಿ ಉಕ್ಕು ಮಾಡುತ್ತಿದ್ದುದನ್ನು ಬರೆದಿದ್ದಾನೆ. ಅಲ್ಲಿ ಉದ್ದೇಶ ಕಬ್ಬಿಣಕ್ಕೆ ಇಂಗಾಲ ಉಣಿಸುವುದು. ಇಲ್ಲಿ ಇದ್ದ ಇಂಗಾಲವನ್ನು ಉಳಿಸಿಕೊಳ್ಳುವುದು.

ಹಾಳೆಯ ಹೊದಿಕೆ ಗಾಳಿಯಲ್ಲೇ ಆರಿ ಗಟ್ಟಿಯಾಗುವ ಉಕ್ಕುಗಳಿಗೆ ಸರಿ. ಸಾದಾ ಇಂಗಾಲದ ಉಕ್ಕನ್ನು ಕ್ಷಣದೊಳಗೆ ಎಣ್ಣೆಗೆ ಅದ್ದಬೇಕು, ಬಿಚ್ಚಲು ಪುರಸೊತ್ತೆಲ್ಲಿ? ಅದಕ್ಕೆ ಲೇಪವೇ ಗತಿ. ಅಕ್ಕಸಾಲಿಗರ ಒಂದು ಉಪಾಯ ಇಲ್ಲಿಗೂ ಒದಗುತ್ತದೆ: ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕದಡಿ, ಅದರಲ್ಲಿ ಲೋಹವನ್ನು ಅದ್ದಿ ತೆಗೆದು, ಸ್ಪಿರಿಟ್ ಪಾತ್ರೆಯನ್ನು ದೂರವಿಟ್ಟು, ಬೆಂಕಿ ತಾಗಿಸುತ್ತಾರೆ. ಹಚ್ಚಹಸಿರು ಜ್ವಾಲೆ! ಸ್ಪಿರಿಟ್ ಉರಿದುಹೋಗಿ ಬಿಳಿ ಲೇಪ ಉಳಿಯುತ್ತದೆ, ಮುಂದೆ ಕುಲುಮೆಯಲ್ಲಿ ಕರಗಿ ತೆಳು ಗಾಜಾಗಿ ಲೋಹವನ್ನು ಮುಚ್ಚುತ್ತದೆ. ಜಪಾನಿನ ಸಾಕಾಯ್ ಊರಿನ ಚಾಕುಗಾರರು ತೆಳ್ಳಗೆ ಕೆಸರು ಬಳಿಯುತ್ತಾರೆ. ಅದ್ದಿದಾಗ ನೀರಿನ ಆವಿ ಅಲಗಿನ ಸುತ್ತ ಪೊರೆಗಟ್ಟದಂತೆ ತಡೆದು, ಎಲ್ಲ ಕಡೆ ಒಂದೇ ಸಮ ತಣಿಯುವಂತೆ ಮಾಡುವುದೂ ಅದೇ ಕೆಸರು. ಬಡಿಯುವಾಗಿನ ಹಕ್ಕಳೆಗೆ ಅವರ ಮದ್ದು ನೀರು. ಒದ್ದೆ ಸುತ್ತಿಗೆ, ಒದ್ದೆ ಅಡಿಗಲ್ಲು. ಪೆಟ್ಟು ಬಿದ್ದೊಡನೆ ನೀರು ಢಮಾರೆಂದು ಆವಿಯಾಗಿ ಹಕ್ಕಳೆಯನ್ನು ಎತ್ತಿ ಎಸೆಯುತ್ತದೆ.

ಇಷ್ಟಾದರೂ ಹಕ್ಕಳೆ ಉಳಿದರೆ? ಸಾಣೆಯ ಬೆಲ್ಟಿಗೆ ನೇರ ಹಿಡಿಯಬೇಡಿ. ಹಕ್ಕಳೆ ಬಲು ಗಡುಸು, ಹೊಸ ಬೆಲ್ಟಿನ ಹರಿತವನ್ನೇ ನುಂಗುತ್ತದೆ. ಹದವಿಳಿಸಿದ (ಪೆಡಸು ತಗ್ಗಲೆಂದು ಮತ್ತೆ ಹಗುರಾಗಿ ಬಿಸಿ ಮಾಡಿದ) ಅಲಗಿನ ಎಣ್ಣೆಜಿಡ್ಡು ತೊಳೆದು, ಅಡುಗೆಮನೆಯ ವಿನೆಗರಿನಲ್ಲಿ ರಾತ್ರಿ ಮುಳುಗಿಸಿಡಿ. ವಿನೆಗರ್ ಬಿರುಕುಗಳಲ್ಲಿ ಇಳಿದು ತಳದ ಪದರವನ್ನೂ ಅದರಡಿಯ ಕಬ್ಬಿಣವನ್ನೂ ಕೊರೆಯುತ್ತದೆ, ಏಳುವ ಜಲಜನಕದ ಗುಳ್ಳೆಗಳು ಹಕ್ಕಳೆಯನ್ನು ಕೆಳಗಿನಿಂದ ಎಬ್ಬಿಸುತ್ತವೆ. ಬೆಳಿಗ್ಗೆ ಬ್ರಷ್ಷಿನಿಂದ ತಿಕ್ಕಿದರೆ ಕರಿ ಕೆಸರಾಗಿ ಜಾರುತ್ತದೆ. ಅಡುಗೆ ಸೋಡಾ ನೀರಲ್ಲಿ ತೊಳೆದು, ಒರೆಸಿ, ಕೂಡಲೇ ಎಣ್ಣೆ ಸವರಬೇಕು. ತಡಮಾಡಿದರೆ ನೋಡನೋಡುತ್ತಲೇ ತುಕ್ಕು. ಬೇಗ ಆಗಲೆಂದು ಕಟು ಆಮ್ಲಕ್ಕೆ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಗಟ್ಟಿ ಉಕ್ಕಿನೊಳಗೆ ಜಲಜನಕ ಸೇರಿಕೊಂಡರೆ ಅಲಗು ಚಟ್ಟನೆ ಮುರಿಯಬಹುದು.

ಹದವಿಳಿಸುವುದು ಎಂದೆನಲ್ಲ, ಅಲ್ಲಿ ಇದೇ ಆಕ್ಸೈಡು ಕಸುಬುದಾರನ ಕೈಯ ಥರ್ಮಾಮೀಟರ್ ಆಗುತ್ತದೆ! ಎಣ್ಣೆಯಿಂದ ತೆಗೆದ ಅಲಗಿನ ಒಂದು ಜಾಗವನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಮೆಲ್ಲನೆ ಬಿಸಿ ಮಾಡುತ್ತಾರೆ. ಮೀಟರಿನ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯಬೇಕಾದಷ್ಟು ತೆಳುವಾದ ಆಕ್ಸೈಡು ಪೊರೆ ಬೆಳಕಿನ ಜೊತೆ ಆಡಿ, 200 ಡಿಗ್ರಿ ದಾಟುತ್ತಿದ್ದಂತೆ ಒಣಹುಲ್ಲಿನ ಹಳದಿ ತೋರುತ್ತದೆ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಅಡುಗೆಮನೆಯ ಚಾಕುವಾದರೆ ಹಳದಿಯಲ್ಲೇ ನಿಲ್ಲಿಸಬೇಕು, ನೀಲಿಗೆ ಹೋದರೆ ಬಾಯಿ ಮೆತ್ತಗಾಗುತ್ತದೆ.